ಹೆಮ್ಮೆ ಇರಲಿ, ಬೀಜ ಎಲ್ಲಿ?

ಮಸ್ಕತ್ತಿನಲ್ಲಿ ಸಂಕ್ರಾಂತಿಯ ಸುಮಾರಿಗೆ ಕನ್ನಡಿಗರು ಸೇರಿದ ಕಡೆ ಒಬ್ಬರಾದರೂ ಎದ್ದು ನಿಂತು ಹೇಳುತ್ತಾರೆ: ಎಳ್ಳು ನಮ್ಮದು, ಅದನ್ನು ಜಗತ್ತಿಗೆ ಕೊಟ್ಟವರು ನಾವು. ಸುಳ್ಳೇನಲ್ಲ. ಹರಪ್ಪದ ಉತ್ಖನನದಲ್ಲಿ ಸುಟ್ಟು ಕರಕಲಾದ ಎಳ್ಳು ಸಿಕ್ಕಿದೆ. ಸುಮೇರಿನವರು ಮಗನ್ ಎಂದು ಕರೆದ ನಾಡು ಈ ಒಮಾನ್. ಇಲ್ಲಿನ ರಾಸ್ ಅಲ್ ಜಿಂಜ್ ಕಡಲತೀರದಲ್ಲಿ ಸಿಂಧೂ ಲಿಪಿಯ ಮಡಕೆಚೂರು ದೊರೆತಿದೆ. ಅಕ್ಕಾಡಿಯನ್ನರು ಎಣ್ಣೆಗೆ ಬಳಸಿದ ‘ಎಲ್ಲು’ ಎಂಬ ಪದಕ್ಕೂ ನಮ್ಮ ಎಳ್ಳಿಗೂ ನಂಟಿದೆ ಎನ್ನುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ಚಪ್ಪಾಳೆ ಬೀಳುತ್ತದೆ. ಆಮೇಲೆ ಹಂಚುವ ಪೊಟ್ಟಣದಲ್ಲಿ ಒಂದೇ ಗಾತ್ರದ, ಸಿಪ್ಪೆ ತೆಗೆದ ಬಿಳಿ ಎಳ್ಳು. ಯಾವ ಊರಿನದು, ಯಾವ ತಳಿ ಎಂದು ಕೇಳುವವರಿಲ್ಲ.

ಬೆಳೆಯೊಂದರ ತವರು ಎಂದರೆ ಅದರ ಬಗೆಬಗೆಯ ರೂಪಗಳು ಇನ್ನೂ ಉಸಿರಾಡುವ ಜಾಗ. ಬೇಸಾಯದ ಎಳ್ಳಿನ ಮೂಲವೆಂದು ಸಸ್ಯವಿಜ್ಞಾನಿಗಳು ಗುರುತಿಸುವ ಕಾಡೆಳ್ಳು, ಸೆಸಮಮ್ ಮಲಬಾರಿಕಮ್, ಕೇರಳ-ಕರ್ನಾಟಕದ ಕರಾವಳಿಯಲ್ಲಿ ಇಂದಿಗೂ ತಾನಾಗಿ ಬೆಳೆಯುತ್ತದೆ. ಎರಡಕ್ಕೂ ವರ್ಣತಂತುಗಳು 26. ಕೂಡಿಸಿದರೆ ಬೀಜ ಕಟ್ಟುವ ಸಂತಾನವೇ ಹುಟ್ಟುತ್ತದೆ. ಬೇರೆ ಬೆಳೆಗಳವರು ಕಾಡಿನ ನೆಂಟರಿಂದ ಒಂದು ಗುಣ ತರಲು ವರ್ಷಗಟ್ಟಲೆ ಹೆಣಗುತ್ತಾರೆ. ನಮಗೆ ಅದು ಬೇಲಿಯಂಚಿನಲ್ಲೇ ಇದೆ. ನಾವು ಅದನ್ನು ಕಳೆ ಎನ್ನುತ್ತೇವೆ.

ಅದರಿಂದ ಏನು ಪ್ರಯೋಜನ ಎನ್ನುವವರು ಎಳ್ಳು ಬೆಳೆದವರನ್ನು ಕೇಳಲಿ. ಜಿಗಿಹುಳು ಹರಡುವ ಒಂದು ರೋಗ ಬಂದರೆ ಹೂವಿನ ಜಾಗದಲ್ಲಿ ಎಲೆಗೊಂಚಲು ಮೂಡುತ್ತದೆ, ಕಾಯಿಯೇ ಕಟ್ಟುವುದಿಲ್ಲ. ಅದಕ್ಕೆ ಜಗ್ಗದ ಗುಣವನ್ನು ಸಂಶೋಧಕರು ಹುಡುಕುವುದು ಕಾಡು ಎಳ್ಳುಗಳಲ್ಲಿ. ಇನ್ನು ಕಾಯಿ ಸಿಡಿಯುವ ಕಾಟ. ಒಣಗಿದ ಎಳ್ಳುಕಾಯಿ ತಾನಾಗಿ ಬಾಯಿ ಬಿಡುತ್ತದೆ. ಅಲಿಬಾಬನ ‘ಸಿಮ್ ಸಿಮ್’ ಮಂತ್ರದ ಗುಟ್ಟು ಇದೇ ಎನ್ನುವವರಿದ್ದಾರೆ. ಕಥೆಗೆ ಚಂದ, ರೈತನಿಗಲ್ಲ. ಗಿಡ ಹಸಿರಿರುವಾಗಲೇ ಕೊಯ್ದು, ಕಂತೆ ಕಟ್ಟಿ ನಿಲ್ಲಿಸಿ, ಒಣಗಿದ ಮೇಲೆ ತಲೆಕೆಳಗು ಮಾಡಿ ಬಡಿಯಬೇಕು, ಎಲ್ಲವೂ ಕೈಯಲ್ಲೇ. ಆಳು ಸಿಗದ ಊರಿನಲ್ಲಿ ಎಳ್ಳು ಬಿಡುವುದಕ್ಕೆ ಇಷ್ಟು ಸಾಕು. ದೇಶದ ಸರಾಸರಿ ಇಳುವರಿ ಹೆಕ್ಟೇರಿಗೆ ಅರ್ಧ ಟನ್ನಿನ ಆಸುಪಾಸಿನಲ್ಲೇ ನಿಂತಿದೆ. ಚೀನಾದವರು ಅದರ ದುಪ್ಪಟ್ಟಿಗೂ ಹೆಚ್ಚು ತೆಗೆಯುತ್ತಾರೆ.

1943ರಲ್ಲಿ ವೆನೆಜುವೆಲಾದಲ್ಲಿ ಡಿ. ಜಿ. ಲ್ಯಾಂಗ್‌ಹ್ಯಾಮ್ ಎಂಬ ತಳಿವಿಜ್ಞಾನಿಗೆ ಕಾಯಿ ಒಡೆಯದ ಗಿಡವೊಂದು ಕಂಡಿತು. ಅದಕ್ಕೆ ತೊಡಕುಗಳೂ ಇದ್ದವು: ಇಳುವರಿ ಕಡಿಮೆ, ಬಡಿದರೆ ಬೀಜವೇ ಜಜ್ಜಿಹೋಗುತ್ತಿತ್ತು. ಅವರ ಕುಟುಂಬ ಬಿಡಲಿಲ್ಲ. 1978ರಲ್ಲಿ ಶುರುವಾದ ಸೆಸಾಕೊ ಕಂಪನಿ ಹಲವು ದೇಶಗಳ ಎಳ್ಳನ್ನು ತರಿಸಿ, ಕೂಡಿಸಿ, ಯಂತ್ರದಿಂದ ಕೊಯ್ಯಬಲ್ಲ ತಳಿಗಳನ್ನು ಮಾಡಿ ಅಮೆರಿಕದಲ್ಲಿ ಪೇಟೆಂಟ್ ಪಡೆಯಿತು. ಅವರನ್ನು ಬೈದು ಫಲವಿಲ್ಲ. ವೈವಿಧ್ಯವನ್ನು ಅವರು ದುಡಿಸಿಕೊಂಡರು, ನಾವು ಭಾಷಣಕ್ಕೆ ಇಟ್ಟುಕೊಂಡೆವು.

‘ದೆಹಲಿಯ ಜೀನ್ ಬ್ಯಾಂಕಿನಲ್ಲಿ ಎಲ್ಲ ಇದೆಯಲ್ಲ’ ಎಂಬ ಉತ್ತರ ತಯಾರಿರುತ್ತದೆ. ಇದೆ, ಇರಲೇಬೇಕು. ಆದರೆ ತಣ್ಣನೆಯ ಕೋಣೆಯ ಬೀಜ ಹೊಸ ರೋಗವನ್ನೂ ತಪ್ಪಿದ ಮಳೆಯನ್ನೂ ಕಾಣುವುದಿಲ್ಲ. ಬಿತ್ತಿ, ಅಳೆದು, ಬೇರೆ ತಳಿಯೊಂದಿಗೆ ಕೂಡಿಸುವವರೆಗೆ ಅದು ಬರಿಯ ನಂಬರು. ಡಿಎಸ್-1, ಡಿಎಸ್‌ಎಸ್-9, ನವಿಲೆ-1 ಬೇಡ ಎಂದು ನಾನು ಹೇಳುತ್ತಿಲ್ಲ, ಬಿತ್ತಲಿ. ಆದರೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳಿನ ಜೊತೆ ನಿಲ್ಲುತ್ತಿದ್ದ ಊರೆಳ್ಳಿಗೆ ಎಳ್ಳುನೀರು ಬಿಟ್ಟರೆ ಮುಂದಿನ ತಳಿಯನ್ನು ಯಾವುದರಿಂದ ಮಾಡುತ್ತಾರೆ?

ಒಮಾನಿನಲ್ಲಿ ವರ್ಷದ ಸರಾಸರಿ ಮಳೆ 100 ಮಿಲಿಮೀಟರ್ ಆಸುಪಾಸು. ಎಳ್ಳು ಇಲ್ಲಿ ಫಲಜ್ ಕಾಲುವೆಯ ನೀರು ಕುಡಿದು ಬೆಳೆಯುವ ಸಣ್ಣ ಬೆಳೆ. ಅಂಗಡಿಯ ಎಳ್ಳು ಬಹುಪಾಲು ಹೊರಗಿನದು. ಆದರೂ 2012ರಲ್ಲಿ ಈ ದೇಶ ಸಸ್ಯ-ಪ್ರಾಣಿ ತಳಿ ಸಂಪನ್ಮೂಲಕ್ಕೆಂದೇ ಒಂದು ಕೇಂದ್ರ ತೆರೆಯಿತು, ಈಗ ಅದರ ಹೆಸರು ‘ಮವಾರಿದ್’. ಹಳ್ಳಿಗಳ ನಾಟಿ ಎಳ್ಳನ್ನು ಇಲ್ಲಿನ ವಿಜ್ಞಾನಿಗಳು ಅಕ್ಕಪಕ್ಕ ಬಿತ್ತಿ, ಗಿಡದ ಗುಣಗಳನ್ನು ಅಳೆದು ವಿಂಗಡಿಸಿದ್ದಾರೆ. ಎಳ್ಳಿನ ತವರಲ್ಲದವರು ಮಾಡಿದ ಕೆಲಸ ಇದು.

ಬೀಜ ಕೊಟ್ಟು ತೆಗೆದುಕೊಳ್ಳುವುದಾದರೂ ಸಲೀಸೇ? 2001ರಲ್ಲಿ ರೋಮಿನಲ್ಲಿ ಒಪ್ಪಿದ ಅಂತಾರಾಷ್ಟ್ರೀಯ ತಳಿ ಸಂಪನ್ಮೂಲ ಒಪ್ಪಂದ ಸುಲಭ ವಿನಿಮಯಕ್ಕೆಂದು ಮಾಡಿದ 64 ಬೆಳೆಗಳ ಪಟ್ಟಿಯಲ್ಲಿ ಸೂರ್ಯಕಾಂತಿ ಇತ್ತು, ಎಳ್ಳು ಇರಲಿಲ್ಲ. ‘ನಮ್ಮದು’ ಎಂದು ಬೀಗ ಹಾಕಿದರೆ ಧಾರವಾಡದ ತಳಿಗಾರನಿಗೆ ಒಮಾನಿನ ಎಳ್ಳೂ ಸಿಗದು, ಇಲ್ಲಿಯವರಿಗೆ ನಮ್ಮ ಕಾಡೆಳ್ಳೂ ಸಿಗದು.

ಸರ್ಕಾರಗಳ ಮಾತು ಆಮೇಲೆ. ನಮ್ಮ ಸಂಘಗಳು ಸಂಕ್ರಾಂತಿಗೆ ಎಳ್ಳು ಕೊಳ್ಳುತ್ತವಲ್ಲ, ಅದನ್ನು ಊರೆಳ್ಳು ಬೆಳೆಯುವ ರೈತರಿಂದ, ತಳಿಯ ಹೆಸರು ಕೇಳಿ, ಪೇಟೆಗಿಂತ ಹೆಚ್ಚು ಬೆಲೆ ಕೊಟ್ಟು ಕೊಳ್ಳಲಿ. ಕರಿಯದಿರಲಿ, ಕಂದಿರಲಿ, ಸಿಪ್ಪೆಯ ಸಮೇತ ಬರಲಿ. ಎಳ್ಳುಬೆಲ್ಲದ ಬಣ್ಣ ಕೆಡುತ್ತದೆ ಎಂಬ ಗೊಣಗಾಟ ನಾಲ್ಕು ದಿನದ್ದು. ಹಳೆ ಮೈಸೂರಿನ ಕಡೆ ಮುಂಗಾರು ಎಳ್ಳಿನ ಬಿತ್ತನೆ ಏಪ್ರಿಲ್-ಮೇ ತಿಂಗಳಲ್ಲಿ. ಮುಂದಿನ ಸಂಕ್ರಾಂತಿಯ ಎಳ್ಳಿಗೆ ಮಾತು ಕೊಡಬೇಕಾದದ್ದು ಅದಕ್ಕೂ ಮೊದಲು.