ಏನು ಬೇಕು, ಏತಕ್ಕೆ ಬೇಕು?

ಸಂಘದ ಸಭೆಗಳಲ್ಲಿ ಹಿರಿಯರು ತರುಣರನ್ನು ಕಂಡಾಗ "ನಿನಗೇನಪ್ಪ ಕೆಲಸ?" ಎಂದು ವಿಚಾರಿಸುವುದುಂಟು. ಹೈಟೆಕ್ ಸಿಟಿಯ ಕಡೆಯ ಹುಡುಗನೊಬ್ಬ "ರಿಕ್ವೈರ್‌ಮೆಂಟ್ ಬರೆಯುತ್ತೇನೆ" ಎಂದ. ಗಿರಾಕಿಗೆ ಏನು ಬೇಕೆಂದು ಬರೆದುಕೊಳ್ಳುವುದಕ್ಕೂ ಸಂಬಳವೇ ಎಂದು ನಮಗೆ ನಗು ಬಂದಿತ್ತು.

ಆ ನಗು ಬಹಳ ದಿನ ಉಳಿಯಲಿಲ್ಲ. ಸದಸ್ಯರ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿಕೊಡೆಂದು ಅವನನ್ನೇ ಕೇಳಿದೆವು. ಹೆಸರುಗಳು ಅಕ್ಷರಕ್ರಮದಲ್ಲಿರಬೇಕು ಎಂದಷ್ಟೇ ಹೇಳಿದೆವು. ಬಂದದ್ದು ಇಂಗ್ಲಿಷಿನ ಅಕ್ಷರಕ್ರಮ! ನಮ್ಮ ಮನಸ್ಸಿನಲ್ಲಿದ್ದುದು ಅ ಆ ಇ ಈ. ತಪ್ಪು ಅವನದಲ್ಲ, ನಮ್ಮದು.

ಈ ವಿದ್ಯೆ ನಮ್ಮ ಹೈದರಾಬಾದಿಗೆ ಹೊಸದೂ ಅಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಅಫ್ಜಲ್‌ಗಂಜಿನ ಹುಣಸೆಮರವೊಂದನ್ನು ಹತ್ತಿದವರು ಉಳಿದುಕೊಂಡರು. ಮರುವರ್ಷ ನಿಜಾಮರ ಸರ್ಕಾರ ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡು ಮೂರು ಕೆಲಸಗಳನ್ನು ಒಪ್ಪಿಸಿತು. ಊರನ್ನು ಮತ್ತೆ ಕಟ್ಟಲು ಸಲಹೆ, ಮುಂದೆ ಪ್ರವಾಹದಿಂದ ರಕ್ಷಣೆ, ಒಳಚರಂಡಿಯ ಯೋಜನೆ. "ನದಿಗೆ ಎತ್ತರವಾದ ಗೋಡೆ ಕಟ್ಟಿಕೊಡಿ" ಎಂದು ಹೇಳಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಹಾಗೆ ಹೇಳಿದ್ದರೆ ಗೋಡೆಯೇ ಏಳುತ್ತಿತ್ತೇನೋ! ಬೇಕಾದುದು ರಕ್ಷಣೆ, ಅದರ ಬಗೆ ಎಂಜಿನಿಯರರಿಗೆ ಬಿಟ್ಟದ್ದು. ಆದರೆ ಎಷ್ಟು ನೀರಿನಿಂದ ರಕ್ಷಣೆ? ವಿಶ್ವೇಶ್ವರಯ್ಯನವರು ಮಳೆಯ ಲೆಕ್ಕ ತೆಗೆದರು, ಕೆರೆಗಳ ಲೆಕ್ಕ ತೆಗೆದರು. ಮೂಸಿಗೆ ನೀರು ಹರಿದುಬರುವ ಸೀಮೆಯಲ್ಲಿದ್ದ 788 ಕೆರೆಗಳ ಪೈಕಿ 221 ಒಡೆದಿದ್ದವು. ಹೀಗಾಗಿ ಪರಿಹಾರ ಸಿಕ್ಕಿದ್ದು ಊರೊಳಗಲ್ಲ, ಊರಿನ ಮೇಲ್ಗಡೆ. ಮೂಸಿಗೆ ಕಟ್ಟಿದ ಉಸ್ಮಾನ್ ಸಾಗರ 1920ರಲ್ಲಿಯೂ, ಅದರ ಉಪನದಿ ಈಸಿಗೆ ಕಟ್ಟಿದ ಹಿಮಾಯತ್ ಸಾಗರ 1927ರಲ್ಲಿಯೂ ಮುಗಿದವು.

ತೊಡಕಿರುವುದು ಇಲ್ಲಿಯೇ. ಈ ಎರಡೂ ಜಲಾಶಯಗಳು ಊರಿಗೆ ಕುಡಿಯುವ ನೀರನ್ನೂ ಕೊಡಬೇಕಾಗಿತ್ತು. ಪ್ರವಾಹ ತಡೆಯಬೇಕಾದರೆ ಜಲಾಶಯದಲ್ಲಿ ಜಾಗ ಖಾಲಿಯಿರಬೇಕು. ಬೇಸಗೆಗೆ ನೀರು ಬೇಕಾದರೆ ಮಳೆಗಾಲದ ಕೊನೆಗೆ ಅದು ತುಂಬಿರಬೇಕು. ಒಂದೊಂದೂ ನ್ಯಾಯವಾದ ಬೇಡಿಕೆಯೇ, ಕೂಡಿಸಿದರೆ ಜಗಳ. 2020ರ ಅಕ್ಟೋಬರಿನ ಮಳೆಗೆ ಹಿಮಾಯತ್ ಸಾಗರ ತುಂಬಿ ಬಾಗಿಲು ತೆರೆದಾಗ ಮೂಸಿಯ ದಂಡೆಯವರಿಗೆ ಎಚ್ಚರಿಕೆ ಕೊಡಬೇಕಾಯಿತು.

ನಮ್ಮ ಹುಡುಗ ಹೇಳುವುದೂ ಇದನ್ನೇ. ಒಂದೊಂದು ಬೇಡಿಕೆಗೂ ಒಂದು ನಂಬರು ಕೊಡಬೇಕು. ಕೇಳಿದವರಾರು, ಏತಕ್ಕೆ ಎಂದು ಬರೆಯಬೇಕು. "ಪಟ್ಟಿ ಬೇಗ ತೆರೆಯಬೇಕು" ಎಂದರೆ ಸಾಲದು, ಎಷ್ಟು ಸೆಕೆಂಡಿನಲ್ಲಿ ಎಂದು ಹೇಳಬೇಕು. ಇಲ್ಲವಾದರೆ ತೆರೆದದ್ದು ಬೇಗವೋ ತಡವೋ ಎಂದು ಪರೀಕ್ಷಿಸುವುದಾದರೂ ಹೇಗೆ? ನಡುವೆ ಒಂದನ್ನು ಬದಲಿಸಿದರೆ ಅದನ್ನು ನೆಚ್ಚಿಕೊಂಡ ಉಳಿದವನ್ನೂ ತಿರುಗಿ ನೋಡಬೇಕು.

ಹೆಸರನ್ನು ಮನೆತನದ ಹೆಸರಿನಿಂದ ಜೋಡಿಸುವುದೋ, ಸ್ವಂತ ಹೆಸರಿನಿಂದಲೋ ಎಂದು ಅವನು ಕೇಳಿದ್ದಕ್ಕೆ ಕಾರ್ಯಕಾರಿ ಸಮಿತಿ ಒಂದು ಗಂಟೆ ಚರ್ಚಿಸಿತು. ನಮ್ಮ ಬೇಡಿಕೆಗಳು ಈಗ ಹದಿನಾಲ್ಕಾಗಿವೆ. ಒಂಬತ್ತನೆಯದನ್ನು ಸೇರಿಸಿದವರು ಯಾರೆಂದು ಯಾರಿಗೂ ನೆನಪಿಲ್ಲ; ಅದನ್ನು ತೆಗೆದುಹಾಕಲು ಯಾರಿಗೂ ಧೈರ್ಯವಿಲ್ಲ.