ಕಾರಿನ ನೆತ್ತಿಯ ಮೇಲೆ ಹೊರೆ ಏಕೆ?

ಮೈಸೂರಿನ ಬಂಡಿಪಾಳ್ಯದ ಮಾರುಕಟ್ಟೆಗೆ ಹತ್ತಾರು ಮೂಟೆ ತರುವವರು ಸರಕಿನ ಗಾಡಿಯನ್ನೇ ಗೊತ್ತುಮಾಡಿಕೊಳ್ಳುತ್ತಾರೆ. ಅವರ ಮಾತು ಇಲ್ಲಿ ಬೇಡ. ಮನೆಯ ಕಾರಿನಲ್ಲಿಯೇ ಎರಡು ಮೂಟೆ ತರಕಾರಿ ತರುವವರು ಇದ್ದೀರಿ. ಬೆಂಗಳೂರಿನಲ್ಲಿ ನೆಲೆಸಿದ ಮಗನ ಮನೆಗೆ ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ ಒಯ್ಯುವವರು ಇನ್ನೂ ಹೆಚ್ಚಾಗಿ ಇದ್ದೀರಿ. ಒಳಗೆ ಮನೆಮಂದಿ, ಮೇಲೆ ಕ್ಯಾರಿಯರ್, ಅದರ ಮೇಲೆ ಟಾರ್ಪಾಲು ಹೊದಿಸಿದ ಹೊರೆ. ಈ ಪದ್ಧತಿಯನ್ನು ಬಿಡುವುದು ಲೇಸೆಂದು ನನ್ನ ಅಭಿಪ್ರಾಯ.

ಭಾರ ಹೆಚ್ಚಿದರೆ ಪೆಟ್ರೋಲ್ ಹೆಚ್ಚು ಸುಡುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಹೆದ್ದಾರಿಯಲ್ಲಿ ಕಾರಿಗೆ ಭಾರಕ್ಕಿಂತ ದೊಡ್ಡ ಶತ್ರು ಗಾಳಿ. ಕಣದಲ್ಲಿ ರಾಗಿ ತೂರುವ ನಿಮಗೆ ಗಾಳಿಯ ಬಲವನ್ನು ಹೇಳಿಕೊಡಬೇಕಾಗಿಲ್ಲ. ಎತ್ತಿನ ಗಾಡಿ ಗಂಟೆಗೆ ನಾಲ್ಕು ಕಿಲೋಮೀಟರ್ ಸಾಗುತ್ತದೆ. ಅದರ ಮೇಲೆ ಬಣವೆಯೆತ್ತರ ಹುಲ್ಲು ಹೇರಿದರೂ ಗಾಳಿಯ ತಡೆ ಎತ್ತುಗಳಿಗೆ ಲೆಕ್ಕಕ್ಕಿಲ್ಲ. ಕಾರಿನ ವಿಷಯ ಹಾಗಲ್ಲ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. 80 ಕಿ.ಮೀ. ವೇಗದಿಂದ 100ಕ್ಕೆ ಏರಿಸಿದರೆ ಸಾಕು, ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚುತ್ತದೆ. ಹೊರೆಯನ್ನು ಎತ್ತರಕ್ಕೆ ಪೇರಿಸುವ ನಮ್ಮ ಅಭ್ಯಾಸ ಗಾಡಿಯ ಕಾಲದ್ದು, ಕಾರಿಗೆ ಸಲ್ಲದು.

ಅಮೆರಿಕದ ಇಂಧನ ಇಲಾಖೆಯವರು ಕೊಟ್ಟಿರುವ ಅಂಕಿಗಳನ್ನು ನೋಡಿರಿ. ಮೊಂಡು ಮುಖದ ದೊಡ್ಡ ಪೆಟ್ಟಿಗೆಯನ್ನು ಕಾರಿನ ಮೇಲೆ ಕಟ್ಟಿದರೆ ಊರೊಳಗಿನ ಓಡಾಟದಲ್ಲಿ ಮೈಲೇಜು ಶೇಕಡ 2ರಿಂದ 8ರಷ್ಟು ಇಳಿಯುತ್ತದೆ. ಗಂಟೆಗೆ 105ರಿಂದ 120 ಕಿ.ಮೀ. ವೇಗದಲ್ಲಿ ಇಳಿಕೆ ಶೇಕಡ 10ರಿಂದ 25. ಪೆಟ್ಟಿಗೆಯನ್ನು ಕಾರಿನ ಹಿಂಬದಿಗೆ ಕಟ್ಟಿದರೆ ಹೆದ್ದಾರಿಯಲ್ಲಿಯೂ ನಷ್ಟ ಶೇಕಡ 1ರಿಂದ 5 ಮಾತ್ರ, ಏಕೆಂದರೆ ಅದು ಕಾರಿನ ಮರೆಯಲ್ಲಿರುತ್ತದೆ. ಬರಿಯ ಭಾರದ ಪರಿಣಾಮವಾದರೋ 45 ಕಿಲೋಗೆ ಸುಮಾರು ಶೇಕಡ 1. ನಮ್ಮ ಸಣ್ಣ ಕಾರುಗಳಲ್ಲಿ ಭಾರದ ಪರಿಣಾಮ ಇನ್ನಷ್ಟು ಹೆಚ್ಚು ಎಂದಿಟ್ಟುಕೊಂಡರೂ ಅಂತರ ಸ್ಪಷ್ಟವಾಗಿದೆ.

ಇದನ್ನು ನಮ್ಮ ರಸ್ತೆಗೆ ಅನ್ವಯಿಸೋಣ. ಮೈಸೂರಿನಿಂದ ಬೆಂಗಳೂರಿಗೆ ಹೋಗಿಬರಲು ಸುಮಾರು 290 ಕಿ.ಮೀ. ಲೀಟರಿಗೆ 18 ಕಿ.ಮೀ. ಕೊಡುವ ಕಾರಿಗೆ 16 ಲೀಟರ್ ಪೆಟ್ರೋಲ್ ಬೇಕು. 90 ಕಿಲೋ ಹೊರೆಯನ್ನು ಒಳಗಿಟ್ಟು ಮೈಲೇಜು ಶೇಕಡ 2 ಇಳಿದರೆ ಹೆಚ್ಚಿನ ಖರ್ಚು ಮೂರನೆಯ ಒಂದು ಲೀಟರ್. ಅದೇ ಹೊರೆಯನ್ನು ಮೇಲೆ ಕಟ್ಟಿ ಮೈಲೇಜು ಶೇಕಡ 15 ಇಳಿದರೆ ಹೆಚ್ಚಿನ ಖರ್ಚು ಸುಮಾರು 2.8 ಲೀಟರ್. ಲೀಟರಿಗೆ ನೂರು ರೂಪಾಯಿಯ ಲೆಕ್ಕದಲ್ಲಿ 280 ರೂಪಾಯಿ! ಒಯ್ದ ತರಕಾರಿಯ ಬೆಲೆ ಎಷ್ಟೆಂದು ನೀವೇ ಹೇಳಬೇಕು. 2023ರ ಮಾರ್ಚಿಯಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಈ ನಷ್ಟ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ, ಏಕೆಂದರೆ ಹಳೆಯ ರಸ್ತೆಯಲ್ಲಿ ಮದ್ದೂರು, ಮಂಡ್ಯಗಳ ಜನಸಂದಣಿಯೇ ವೇಗಕ್ಕೆ ಕಡಿವಾಣ ಹಾಕುತ್ತಿತ್ತು. ಮೇಲೆ ಹೊರೆ ಇರಲೇಬೇಕಾದ ದಿನ 70 ಕಿ.ಮೀ. ಸುಮಾರಿನ ವೇಗದಲ್ಲಿ ಎಡಗಡೆಯ ಸಾಲಿನಲ್ಲಿ ಹೋಗಿರಿ. ಅರ್ಧ ಗಂಟೆ ತಡವಾದರೆ ಸೊಸೆ ಬಾಗಿಲು ಹಾಕಿಕೊಳ್ಳುವುದಿಲ್ಲ.

ಬೇಸಾಯಶಾಸ್ತ್ರದವನಾಗಿ ಇನ್ನೊಂದು ಮಾತು ಹೇಳಬೇಕು. ಕಾರಿನ ಮೇಲೆ ಬಿಸಿಲು, ಬಿರುಗಾಳಿ ಎರಡೂ ಉಂಟು. ಕಿತ್ತ ಸೊಪ್ಪು ಬೇರಿನಿಂದ ನೀರು ಪಡೆಯಲಾರದು, ಎಲೆಯಿಂದ ಮಾತ್ರ ಕಳೆದುಕೊಳ್ಳುತ್ತದೆ. ಶೇಕಡ 5ರ ಆಸುಪಾಸು ನೀರು ಹೋದರೆ ಸಾಕು, ಸೊಪ್ಪು ಬಾಡಿ ಬೆಲೆ ಕಳೆದುಕೊಳ್ಳುತ್ತದೆ. ವೀಳ್ಯದೆಲೆ, ಮಲ್ಲಿಗೆಗಳ ಪಾಡೂ ಅದೇ. ತೂಕದಲ್ಲಿ ಹೋದುದೂ ನಿಮ್ಮದೇ, ಪೆಟ್ರೋಲಿನಲ್ಲಿ ಹೋದುದೂ ನಿಮ್ಮದೇ. ಇವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿ, ಅಂದರೆ ಕಾರಿನೊಳಗೆ ಇಡತಕ್ಕದ್ದು.

ಒಳಗೆ ಜಾಗವೆಲ್ಲಿ ಎಂದು ಕೇಳುವಿರಿ. ಮೊದಲು ಹೊರೆಯನ್ನೇ ಕುಗ್ಗಿಸಿರಿ. ತೆಂಗಿನಕಾಯಿಯನ್ನು ಸುಲಿದು ಒಯ್ಯಿರಿ. ಕಾಯಿಯ ತೂಕದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಸಿಪ್ಪೆಯೇ. ಆ ಸಿಪ್ಪೆ ಬೆಂಗಳೂರಿನಲ್ಲಿ ಕಸ, ನಿಮ್ಮ ತೋಟದಲ್ಲಿ ಮರದ ಬುಡಕ್ಕೆ ತೇವ ಹಿಡಿಯುವ ಹೊದಿಕೆ. ಬಾಳೆಗೊನೆಯನ್ನು ಚಿಪ್ಪುಗಳಾಗಿ ಬಿಡಿಸಿ, ದಿಂಡನ್ನು ಮನೆಯಲ್ಲೇ ಬಿಡಿ. ಮೂಲಂಗಿಯನ್ನು ಪೇಟೆಯವರು ಸೊಪ್ಪಿನೊಡನೆ ಕೇಳದಿದ್ದರೆ ಸೊಪ್ಪು ದನಕ್ಕೆ ಸೇರಲಿ. ಅರ್ಧ ತುಂಬಿದ ದೊಡ್ಡ ಮೂಟೆಗಿಂತ ಬಿಗಿಯಾಗಿ ಕಟ್ಟಿದ ಎರಡು ಸಣ್ಣ ಚೀಲಗಳು ಡಿಕ್ಕಿಯ ಮೂಲೆಗಳಿಗೆ ಚೆನ್ನಾಗಿ ಹೊಂದಿಕೊಳ್ಳುತ್ತವೆ.

ಹೇರುವ ರೀತಿಯನ್ನು ಗಾಡಿ ಹೊಡೆದವರಿಗೆ ಕಲಿಸಬೇಕಿಲ್ಲ. ಹಿಂದಕ್ಕೆ ಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುವಂತೆ, ಡಿಕ್ಕಿಯ ತುದಿಗೆ ಭಾರ ಬಿದ್ದರೆ ಕಾರಿನ ಮುಂಭಾಗ ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಅಕ್ಕಿ ಮೂಟೆ ತಳದಲ್ಲಿ, ಹಿಂದಿನ ಸೀಟಿಗೆ ಒತ್ತಿಕೊಂಡಿರಲಿ. ಸೀಟು ಮಡಚಿ ಹೇರಿದರೆ ಹಗ್ಗ ಬಿಗಿಯಿರಿ. ಬ್ರೇಕ್ ಒತ್ತಿದಾಗ ಮೂಟೆ ಮುಂದಿನವರ ಬೆನ್ನಿಗೆ ಬರುತ್ತದೆ. ಪೂರ್ಣ ಹೊರೆಗೆ ಟೈರಿನ ಗಾಳಿ ಎಷ್ಟಿರಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತದೆ, ಹೊರಡುವ ಮುನ್ನ ತಣ್ಣಗಿನ ಟೈರಿಗೆ ಅಷ್ಟು ತುಂಬಿಸಿರಿ. ಕಾರಿನ ಮೇಲೆ ಎಷ್ಟು ಕಿಲೋ ಹೊರಬಹುದು ಎಂಬುದನ್ನೂ ಅಲ್ಲಿಯೇ ನೋಡಬಹುದು. ಅನೇಕರು ಎಣಿಸಿದ್ದಕ್ಕಿಂತ ಅದು ಕಡಿಮೆ.

ಊರಿನ ಜಾತ್ರೆಗೋ ಮದುವೆಗೋ ಒಮ್ಮೆ ಹಾಕಿಸಿದ ಕ್ಯಾರಿಯರ್ ವರ್ಷವಿಡೀ ಕಾರಿನ ಮೇಲೆಯೇ ಇರುವುದನ್ನು ಕಾಣುತ್ತೇವೆ. ಖಾಲಿ ಕ್ಯಾರಿಯರ್ ಕೂಡ ಗಾಳಿಯನ್ನು ತಡೆಯುತ್ತದೆ, ಅದರ ಸುಂಕವನ್ನು ಪ್ರತಿ ಪ್ರಯಾಣದಲ್ಲಿಯೂ ತೆರುತ್ತೀರಿ. ಬೋಲ್ಟಿಗೆ ತುಸು ಎಣ್ಣೆ ಬಿಟ್ಟು, ಸ್ಪ್ಯಾನರ್ ಹಿಡಿದು ಬಿಚ್ಚಿ ಕೊಟ್ಟಿಗೆಯ ಅಟ್ಟದ ಮೇಲೆ ಇಡಿ. ಮುಂದಿನ ಜಾತ್ರೆಗೆ ಬೇಕಾದರೆ ಇಳಿಸಿದರಾಯಿತು.