ದ್ವೀಪಕ್ಕೂ ಬಿಡುವು ಬೇಕು

ಥಾಯ್ಲೆಂಡಿನ ಕ್ರಾಬಿ ಪ್ರಾಂತ್ಯದಲ್ಲಿ ದೋಣಿಯೇರಿದರೆ ಒಂದೇ ದಿನದಲ್ಲಿ ನಾಲ್ಕು ದ್ವೀಪ ಸುತ್ತಬಹುದು. ಮುಸ್ಲಿಮರು ಬಹಳಷ್ಟಿರುವ ಕರಾವಳಿಯಾದ್ದರಿಂದ ಹಲಾಲ್ ಊಟಕ್ಕೂ ನಮಾಝಿಗೂ ಅಲೆದಾಡಬೇಕಿಲ್ಲ.

ಸಹೋದರಿಯರೇ, ಹೊರಡುವ ಮುನ್ನ ಮಕ್ಕಳಿಗೆ ಅಲ್ಲಿನ ಮಾಯಾ ಕೊಲ್ಲಿಯ ಕಥೆ ಹೇಳಿ. 2000ರಲ್ಲಿ ಬಂದ ಸಿನಿಮಾವೊಂದರಿಂದ ಹೆಸರಾದ ಆ ಪುಟ್ಟ ಕಡಲತೀರಕ್ಕೆ ದಿನವೂ ಸಾವಿರಾರು ಜನ ಮುಗಿಬಿದ್ದರು. ಜನರ ತುಳಿತಕ್ಕೆ, ದೋಣಿಗಳ ಲಂಗರಿಗೆ ಹವಳ ಪುಡಿಯಾಯಿತು. 2018ರಲ್ಲಿ ಸರಕಾರ ಅದನ್ನು ಮುಚ್ಚಿ ಹೊಸ ಹವಳ ನೆಡಿಸಿತು. ಶಾರ್ಕ್ ಮೀನುಗಳು ಮರಳಿ ಬಂದವು. 2022ರಲ್ಲಿ ಮತ್ತೆ ತೆರೆದಾಗ ಅಲ್ಲಿ ಈಜಲು, ತೀರಕ್ಕೆ ದೋಣಿ ತರಲು ಅನುಮತಿಯಿರಲಿಲ್ಲ.

ಎಲ್ಲ ದ್ವೀಪಗಳನ್ನೂ ಮೆಟ್ಟಿ ಬರಲೇಬೇಕೆಂಬ ಹಟವೇಕೆ? ಎರಡೇ ಸಾಕು. ಕಡಲಿಗೂ ನೆಮ್ಮದಿ, ಮಕ್ಕಳ ಹಿಂದೆ ಚೀಲ ಹೊತ್ತು ಓಡುವ ತಾಯಿಗೂ ಒಂದಿಷ್ಟು ವಿಶ್ರಾಂತಿ.